ಕಾಶವ್ವನ ಬುಟ್ಟಿಗೆ ಏನು ಹಾಕುವುದು?

ನನಗೆ ನೆನಪಿನ ಮೇಲೆ ಅಷ್ಟಾಗಿ ನಂಬಿಕೆಯಿಲ್ಲ. ಅದರಲ್ಲೂ ನಾನು ಜಾಣನಾಗಿಯೋ ಒಳ್ಳೆಯವನಾಗಿಯೋ ಕಾಣಿಸುವ ನೆನಪು ಬಂದರೆ ಎರಡು ಸಲ ತಿರುಗಿಸಿ ನೋಡುತ್ತೇನೆ. ದಿನಚರಿ ಬರೆಯುವವನಿಗೆ ಎಲ್ಲ ನೆನಪಿರುತ್ತದೆ ಎಂದು ಜನ ತಿಳಿದಿದ್ದಾರೆ. ನಿಜ ಸಂಗತಿ ಬೇರೆ. ಹೇಗೂ ಬರೆದಿಟ್ಟೆನಲ್ಲ ಎಂಬ ಧೈರ್ಯದಲ್ಲಿ ನಾವು ಮರೆತುಬಿಡುತ್ತೇವೆ. ಆಮೇಲೆ ಓದಿದರೆ ಇದನ್ನು ಬರೆದವನು ಯಾರೋ ಬೇರೆಯವನು, ಸ್ವಲ್ಪ ಬಡಾಯಿಕೋರ, ಅನ್ನಿಸುತ್ತದೆ. ಆದ್ದರಿಂದ ಈಗ ಹೇಳಹೊರಟಿರುವುದರಲ್ಲಿ ಬೆಕ್ಕು ನಿಜ, ಮನೆ ನಿಜ, ಹೆಂಡತಿ ಖಂಡಿತ ನಿಜ, ಏಕೆಂದರೆ ಅವಳು ಇದನ್ನು ಓದುವವಳಿದ್ದಾಳೆ. ಉಳಿದದ್ದನ್ನು ನೀವು ಸೋಸಿಕೊಂಡು ಓದಬೇಕು.

ಆಗ ನಾನು ವಾಡಿಯಲ್ಲಿ ಸಿಮೆಂಟು ಸಾಗಿಸುವ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ಗುಮಾಸ್ತ. ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿದ್ದೆ. ಮನುಷ್ಯನಿಗೆ ಆಯ್ಕೆಯ ಸ್ವಾತಂತ್ರ್ಯ ಇದೆಯೇ ಇಲ್ಲವೇ ಎಂಬ ಬಗ್ಗೆ ಉದ್ದನೆಯ ಪ್ರಬಂಧ ಬರೆದು ಒಳ್ಳೆಯ ಅಂಕ ತೆಗೆದುಕೊಂಡವನು. ಇದೆ ಎಂದು ಬರೆದೆನೋ ಇಲ್ಲ ಎಂದು ಬರೆದೆನೋ ಈಗ ಮರೆತುಹೋಗಿದೆ. ಮನೆ ಶಹಾಬಾದದಲ್ಲಿ, ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿದು ಹೋಗಿ ಸಂಜೆ ಬರುತ್ತಿದ್ದೆ. ನಡುವಿನ ಹೊತ್ತೆಲ್ಲ ಹೆಂಡತಿ ಮಹಾದೇವಿ ಒಬ್ಬಳೇ. ಹತ್ತಿರದ ಭಂಕೂರ ಅವಳ ತವರು. ಒಮ್ಮೆ ಅಲ್ಲಿಗೆ ಹೋದವಳು ಮುಚ್ಚಳದ ಬುಟ್ಟಿಯಲ್ಲಿ ಬಿಳಿ ಬೆಕ್ಕೊಂದನ್ನು ಇಟ್ಟುಕೊಂಡು ಬಂದಳು. ಕಾಶಿ ಎಂದು ಹೆಸರಿಟ್ಟಳು. ಅದರ ಗಾಂಭೀರ್ಯ ನೋಡಿ ವಾರದೊಳಗೇ ಅದು ಕಾಶವ್ವ ಆಯಿತು. ಮಹಾದೇವಿ ಅದರೊಡನೆ ಮಾತಾಡುತ್ತಿದ್ದಷ್ಟು ನನ್ನೊಡನೆ ಮಾತಾಡಿದ್ದನ್ನು ನಾನು ಕಾಣೆ. ಅದು ನಡುನಡುವೆ ಬಾಯಿ ಹಾಕುತ್ತಿರಲಿಲ್ಲ, ಅದೂ ಒಂದು ಕಾರಣವಿರಬಹುದು.

ತೊಂದರೆ ಶುರುವಾದದ್ದು ಮನೆಯಿಂದ. ಶಹಾಬಾದದ ಮನೆ ಎಂದರೆ ಕಲ್ಲು. ನೆಲಕ್ಕೆ ಹಾಸುಗಲ್ಲು, ನಮ್ಮ ಕಡೆ ಪರಸಿ ಅನ್ನುತ್ತೇವೆ. ಗೋಡೆಗೆ ಕಲ್ಲು, ಛಾವಣಿಗೆ ಕಲ್ಲು, ಅಡಿಗೆಯ ಕಟ್ಟೆ ಕಲ್ಲು, ಅಂಗಳದ ಬೇಲಿಗೂ ನಿಲ್ಲಿಸಿದ ಕಲ್ಲು. ನಮ್ಮ ಮನೆ ಮಾಲೀಕರು ಇಮಾಮ್ ಸಾಹೇಬರಂತೂ ಕಲ್ಲಿನ ವ್ಯಾಪಾರಿ. ಬರಿ ನೆಲ ಕಂಡರೆ ಅವರಿಗೆ ಬರಿ ಮೈ ಕಂಡಷ್ಟು ಸಂಕೋಚ. ಹಿತ್ತಿಲಿನ ಬಚ್ಚಲ ಮೋರಿಯ ಅಂಚಿನವರೆಗೂ ಪರಸಿ ಮುಚ್ಚಿಸಿ, ಸಂದಿಗೆ ಸುಣ್ಣ ತುಂಬಿಸಿಬಿಟ್ಟಿದ್ದರು. ಭಂಕೂರಿನ ಕರಿಮಣ್ಣಿನಲ್ಲಿ ಕೆದರಿ, ಕೆಲಸ ಮುಗಿಸಿ, ಮುಚ್ಚಿ, ಮೂಸಿ ನೋಡಿ ಹೋಗುವುದನ್ನು ತಾಯಿಯಿಂದ ಕಲಿತು ಬಂದಿದ್ದ ಬೆಕ್ಕು ಇಲ್ಲಿ ಎಲ್ಲಿ ಕೆದರಬೇಕು? ಕಾಶವ್ವ ಪರಸಿಯ ಮೇಲೆ ಉಗುರು ಎಳೆದು ಎಳೆದು, ನಮ್ಮ ಮುಖ ನೋಡುತ್ತಿತ್ತು. ಹೊರಗೆ ಬಿಡೋಣವೆಂದರೆ ಓಣಿಯ ತುಂಬ ನಾಯಿ. ಕಡೆಗೆ ಅದು ತನ್ನ ಬುದ್ಧಿಗೆ ತೋಚಿದ ಹಾಗೆ ಮನೆಯಲ್ಲಿ ಮೆತ್ತಗಿದ್ದದ್ದನ್ನೆಲ್ಲ ಮಣ್ಣು ಎಂದು ತಿಳಿಯಿತು. ಮೊದಲು ನನ್ನ ಸುತ್ತಿಟ್ಟ ಹಾಸಿಗೆ, ಆಮೇಲೆ ಒಗೆಯಲು ಹಾಕಿದ್ದ ಧೋತರ. ಅಲ್ಲಿಯವರೆಗೂ ಅದು ನಮ್ಮ ಮನೆಯ ಗುಟ್ಟು. ಆದರೆ ಇಮಾಮ್ ಸಾಹೇಬರು ಮಗಳ ಮದುವೆಯ ಗಾದಿಗೆಂದು ನಮ್ಮ ಅಂಗಳದಾಚೆಯೇ ಇದ್ದ ತಮ್ಮ ಪಡಸಾಲೆಯಲ್ಲಿ ಹತ್ತಿ ರಾಶಿ ಹಾಕಿಸಿದ್ದರು. ಅಷ್ಟು ಬೆಳ್ಳಗಿನ, ಅಷ್ಟು ಮೆತ್ತಗಿನ ಮಣ್ಣನ್ನು ಕಾಶವ್ವ ಜನ್ಮದಲ್ಲಿ ನೋಡಿರಲಿಲ್ಲ.

ಸಾಹೇಬರು ಸಂಜೆ ಬಂದು ಬಾಗಿಲಲ್ಲೇ ನಿಂತರು.

“ಬಾಬು, ಬೆಕ್ಕಿಗಿ ನಾ ಏನೂ ಅನ್ನಂಗಿಲ್ಲ. ಬೆಕ್ಕು ಪಾಕ್ ಜಾನ್ವಾರ, ನಮ್ಮಲ್ಲಿ ಶುದ್ಧ ಅಂತಾರ. ಅದಕ್ಕ ಬೈದ್ರ ನನಗ ಗುನ್ಹಾ ಹತ್ತತದ. ಅದಕ್ಕ ನಿಮಗ ಬೈಲಿಕ್ಕ ಬಂದೀನಿ.”

“ಕುಂದ್ರಿ ಚಾಚಾ, ಚಹಾ ಕುಡುದು ಬೈರಿ” ಅಂದಳು ಮಹಾದೇವಿ.

ಕೂತರು, ಚಹಾ ಕುಡಿದರು, ಆಮೇಲೆ ಚೆನ್ನಾಗಿಯೇ ಬೈದರು. ಕಾಶವ್ವ ಅವರ ಮಡಿಲಿಗೆ ಹತ್ತಿ ಕೂತಿತು. ಅದರ ಬೆನ್ನು ನೇವರಿಸುತ್ತಲೇ ತೀರ್ಪು ಕೊಟ್ಟರು: “ಮದಿವಿ ಮನಿ. ನಾಕು ಮಂದಿ ಬೀಗರು ಬರೋರು. ಬರೋ ಐತವಾರದೊಳಗ ಬಂದೋಬಸ್ತ್ ಮಾಡ್ರಿ. ಇಲ್ಲಾಂದ್ರ ಈ ಬೇಗಮ್ ಸಾಬಾಗ ಭಂಕೂರಿಗಿ ಕಳಸ್ರಿ.”

ಅವರು ಹೋದ ಮೇಲೆ ಮಹಾದೇವಿ ಬೆಕ್ಕನ್ನು ಎತ್ತಿಕೊಂಡು ಒಳಗೆ ಹೋದಳು. ಕಾಶವ್ವ ಹೋದರೆ ಹಗಲೆಲ್ಲ ಆ ಕಲ್ಲುಗಳ ನಡುವೆ ಅವಳ ಮಾತು ಕೇಳುವವರು ಯಾರು ಎಂಬುದು ನನಗೂ ಹೊಳೆಯಿತು. ಬಂದೋಬಸ್ತಿನ ಹೊಣೆ ನನ್ನದು ಎಂದು ಘೋಷಿಸಿದೆ.

ಮೊದಲು ಒಲೆಯ ಬೂದಿ. ಅಗಲವಾದ ಕಬ್ಬಿಣದ ಬುಟ್ಟಿಯಲ್ಲಿ ತುಂಬಿಸಿ ಇಟ್ಟೆ. ಕಾಶವ್ವ ಬುಟ್ಟಿಯ ಅರ್ಥವನ್ನು ತಕ್ಷಣ ಗ್ರಹಿಸಿತು; ಸಂತೋಷವಾಯಿತು. ಆದರೆ ಹೊರಬಂದಾಗ ಅದು ಬಿಳಿ ಬೆಕ್ಕಾಗಿರಲಿಲ್ಲ. ಸೀನುತ್ತಾ ಮನೆಯೆಲ್ಲ ಓಡಾಡಿ, ನುಣುಪಾದ ಪರಸಿಯ ಮೇಲೆ ಸಾಹೇಬರ ಪಡಸಾಲೆಯವರೆಗೂ ಹೂವಿನ ಸಾಲು ಬಿಡಿಸಿ ಬಂತು.

ಕಚೇರಿಯಲ್ಲಿ ವಿಷಯ ಹೇಳಬಾರದಿತ್ತು. ಹೇಳಿದೆ. ನನ್ನ ಎಡಗಡೆ ಕೂರುತ್ತಿದ್ದ ನರಸಿಂಹಲು ಸೇಡಂನವ. ಬಲಗಡೆಯ ಬಸಣ್ಣ ಚಿಂಚೋಳಿಯವ. ಇಬ್ಬರೂ ಬೆಕ್ಕು ಸಾಕಿದವರಲ್ಲ, ಆದರೆ ಊರಾಭಿಮಾನ ಇದ್ದವರು.

“ಉಸುಕು ಹಾಕ್ರಿ. ನಮ್ಮ ಸೇಡಂ ಕಡಿ ಕಾಗಿಣಾ ಹೊಳಿ ಉಸುಕು. ಧೂಳಿಲ್ಲ, ಕಾಲಿಗಿ ಹತ್ತಂಗಿಲ್ಲ” ಎಂದ ನರಸಿಂಹಲು.

“ಕಾಗಿಣಾ ನಮ್ಮ ಶಹಾಬಾದಕ್ಕೂ ಬರ್ತದಲ್ಲೋ” ಎಂದೆ.

“ಬರ್ತದ್ರಿ. ಆದ್ರ ಅಲ್ಲಿಗಿ ಬರೋದ್ರೊಳಗ ಅದರ ಸತ್ವ ಹೋಗಿರ್ತದ.”

ಬಸಣ್ಣ ನಕ್ಕ. “ಉಸುಕು ವಾಸನಿ ಹಿಡೀತದೇನಲೇ? ಸರ್, ಕಟಗಿ ಪುಡಿ ಹಾಕ್ರಿ. ಚಿಂಚೋಳಿ ಅಡವಿ ಸಾಗವಾನಿ. ಮನಿ ತುಂಬಾ ಘಮಾ ಅಂತದ.”

ಇಬ್ಬರೂ ಮರುದಿನ ಒಂದೊಂದು ಚೀಲ ತಂದರು. ಉಸುಕಿನಲ್ಲಿ ವಾಸನೆ ನಿಲ್ಲಲಿಲ್ಲ, ಮನೆಗೆಲ್ಲ ಹರಡಿತು. ಮರದ ಪುಡಿಯಲ್ಲಿ ವಾಸನೆ ನಿಂತಿತು, ಕಾಶವ್ವ ನಿಲ್ಲಲಿಲ್ಲ. ಮರದ ಘಾಟಿಗೆ ಮೂಗು ಸುಕ್ಕಿಸಿ ಓಡಿತು. ಇಬ್ಬರಿಗೂ “ಭಾಳ ಛಲೋ ಅದ” ಎಂದು ಹೇಳಿ ನಾನು ಮತ್ತಷ್ಟು ಸಿಕ್ಕಿಹಾಕಿಕೊಂಡೆ.

ಇಲ್ಲಿ ನನ್ನ ವಿದ್ಯೆ ಎಚ್ಚರವಾಯಿತು. ಬೇಕಾದದ್ದು ಏನು? ನೀರು ಹೀರಬೇಕು, ವಾಸನೆ ಕಟ್ಟಬೇಕು, ನುಣ್ಣಗಿರಬೇಕು. ಈ ಮೂರು ಗುಣವೂ ಕೂಡಿರುವ ವಸ್ತುವಿನ ನಡುವೆಯೇ ನಾನು ದಿನವಿಡೀ ಕೂತಿರುತ್ತೇನಲ್ಲ! ಗೋದಾಮಿನ ಮೂಲೆಯಲ್ಲಿ ಹರಿದ ಚೀಲದಿಂದ ಚೆಲ್ಲಿದ್ದ ಸಿಮೆಂಟನ್ನು ಕೇಳಿ ಕಟ್ಟಿಸಿಕೊಂಡು ಬಂದೆ. ಬುಟ್ಟಿಯಲ್ಲಿ ಹರವಿದೆ. ಮಹಾದೇವಿ ಪಕ್ಕದ ಮನೆಗೆ ಹೋಗಿದ್ದಳು. ಕಾಶವ್ವ ಇಳಿಯಿತು, ಕೆದರಿತು, ತೃಪ್ತಿಯಿಂದ ಮುಚ್ಚಿತು. ಅದರ ಮುಖದಲ್ಲಿ ಅಂಥ ಶಾಂತಿ ಕಂಡು ನನಗೆ ಧಾರವಾಡದಲ್ಲಿ ಕಳೆದ ವರ್ಷಗಳು ಸಾರ್ಥಕವೆನಿಸಿದವು. ಸುಮಾರು ಹೊತ್ತಿನ ಮೇಲೆ ಒಳಗಿನಿಂದ ಟಕ್ ಟಕ್ ಎಂಬ ಸಪ್ಪಳ ಕೇಳಿಸಿತು. ಯಾರೋ ಸಣ್ಣ ಮರದ ಪಾದುಕೆ ಹಾಕಿಕೊಂಡು ನಡೆಯುವ ಹಾಗೆ. ನೋಡಿದರೆ ಕಾಶವ್ವ. ಒದ್ದೆ ಕಾಲಿಗೆ ಮೆತ್ತಿದ ಸಿಮೆಂಟು ಬೆರಳಿನ ಸಂದಿಯಲ್ಲೆಲ್ಲ ಗಟ್ಟಿಯಾಗಿ ಕೂತಿತ್ತು. ಅದು ಒಂದೊಂದೇ ಕಾಲು ಝಾಡಿಸುತ್ತಾ, ನೆಕ್ಕಲು ಹೋಗಿ ತಲೆ ಕೊಡವುತ್ತಾ ಬರುತ್ತಿತ್ತು.

ಬೆಚ್ಚಗಿನ ನೀರು, ಬಟ್ಟೆ, ಎಣ್ಣೆ. ಮಹಾದೇವಿ ನೆಲಕ್ಕೆ ಕೂತು ಒಂದೊಂದೇ ಚೂರು ಬಿಡಿಸಿದಳು. ಒಳಗಿನ ಚರ್ಮ ಕೆಂಪಾಗಿತ್ತು. ಸಪ್ಪಳಕ್ಕೆ ಬಂದ ಇಮಾಮ್ ಸಾಹೇಬರು ಬುಟ್ಟಿಯನ್ನು ನೋಡಿ ಹಣೆ ಚಚ್ಚಿಕೊಂಡರು. “ಯಾ ಅಲ್ಲಾ! ಸರಕಾರದ ಪರ್ಮಿಟಿಗಿ ಅರ್ಜಿ ಬರದು ಬರದು ನನ್ನ ಬಳ್ಳು ಸವದಾವ, ಮಗಳ ಮನಿ ಛತ್ತಿಗಿ ಎರಡು ಚೀಲ ಸಿಮಿಟು ಸಿಗವಲ್ದು. ನೀವು ಬೆಕ್ಕಿಗಿ ಹಾಕೀರಿ?”

ನಾನು ಪಶುವೈದ್ಯರ ಬಳಿ ಓಡಿದೆ. ಅವರು ಸಾವಧಾನವಾಗಿ ಕೇಳಿ, “ಎಮ್ಮಿ ಇದ್ರ ಹೇಳ್ರಿ” ಎಂದರು. ಬೆಕ್ಕು ಎಂದೆ. “ಎತ್ತು?” ಎಂದರು ಆಶೆಯಿಂದ. ಕಡೆಗೆ, “ತೊಳದೀರಲ್ಲ, ಛಲೋ ಆಯ್ತು. ನೆಕ್ಕಲಿಕ್ಕ ಬಿಡಬ್ಯಾಡ್ರಿ” ಎಂದು ಕಳಿಸಿದರು. ಬೆಕ್ಕನ್ನು ನೆಕ್ಕದಂತೆ ತಡೆಯುವ ಉಪಾಯ ಮಾತ್ರ ಅವರಿಗೂ ತಿಳಿದಿರಲಿಲ್ಲ.

ಆ ದಿನದಿಂದ ಮಹಾದೇವಿ ನನ್ನೊಡನೆ ನೇರವಾಗಿ ಮಾತಾಡುವುದನ್ನು ಬಿಟ್ಟಳು. “ಕಾಶವ್ವಾ, ಅವರಿಗಿ ಹೇಳು, ರೊಟ್ಟಿ ಆಗ್ಯಾವ.” “ಕಾಶವ್ವಾ, ಬುಟ್ಟ್ಯಾಗ ಫಿನೈಲ್ ಹಾಕ್ತೀನಿ ಅಂತಾರ ನೋಡು. ಕಾಲಿಗಿ ಹತ್ತಿದ್ದೆಲ್ಲಾ ನಿನ್ನ ಹೊಟ್ಟಿಗಿ ಹೋಗ್ತದ. ತಾವು ಬಾಯಾಗ ಹಾಕ್ಕೊಳ್ಳಾರದ್ದು ನಿನಗ್ಯಾಕ ಹಾಕಬೇಕಂತ ಕೇಳು.” ಬೆಕ್ಕು ಕೇಳಲಿಲ್ಲ, ಆದರೆ ಪ್ರಶ್ನೆ ಸರಿಯಾಗಿತ್ತು. ನಾನು ತಿನ್ನಬಹುದಾದದ್ದು ಯಾವುದು ಎಂದು ಮನೆಯಲ್ಲಿ ಹುಡುಕುತ್ತಾ ಅಲೆದೆ. ಭಂಕೂರಿನಿಂದ ತೊಗರಿ ಹೊಟ್ಟು ತರಿಸಿದೆವು. ಅದು ನಿಜಕ್ಕೂ ಯಾರಿಗೂ ಕೆಡುಕು ಮಾಡದ ಪದಾರ್ಥ. ಹಾಗಾಗಿ ಬೆಕ್ಕು ಬರುವ ಮೊದಲೇ ಸಾಹೇಬರ ಮೇಕೆ ಬಂದು ಬುಟ್ಟಿ ಖಾಲಿ ಮಾಡಿ ಹೋಗುತ್ತಿತ್ತು.

ಸಾಹೇಬರ ಗಡುವಿನ ಭಾನುವಾರ ಬಂದೇಬಿಟ್ಟಿತು. ನನಗೆ ತಲೆ ಓಡದೆ, ಆಯ್ಕೆಯನ್ನು ಕಾಶವ್ವನಿಗೇ ಬಿಡುವುದೆಂದು ನಿಶ್ಚಯಿಸಿದೆ. ಹಿತ್ತಿಲಿನಲ್ಲಿ ಉಸುಕು, ಮರದ ಪುಡಿ, ಹೊಟ್ಟು, ಸೋಸಿದ ಬೂದಿ ಎಂದು ನಾಲ್ಕು ಬುಟ್ಟಿ ಸಾಲಾಗಿ ಇಟ್ಟೆ. ಮೇಕೆಯನ್ನು ಕಟ್ಟಿಹಾಕಿಸಿದೆ. ನರಸಿಂಹಲು, ಬಸಣ್ಣ ಇಬ್ಬರೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಇಮಾಮ್ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತರು. ಮೋರಿಯ ಪಕ್ಕ ಒಂದು ಪರಸಿ ಕಿತ್ತು ಗೋಡೆಗೆ ಒರಗಿಸಿತ್ತು. ಅದರಡಿಯಲ್ಲಿ ವಾಸನೆ ನಿಂತಿದೆಯೇನೋ ಎಂದು ನೋಡಲು ತೆಗೆಸಿದ್ದಾರೆಂದು ನಾನು ಭಾವಿಸಿದೆ.

ಮಹಾದೇವಿ ಬೆಕ್ಕನ್ನು ತಂದು ಇಳಿಸಿದಳು.

ಕಾಶವ್ವ ಉಸುಕನ್ನು ಮೂಸಿತು. “ಆತು ನೋಡ್ರಿ” ಎಂದ ನರಸಿಂಹಲು. ಮುಂದೆ ಹೋಯಿತು. ಮರದ ಪುಡಿಯ ಮುಂದೆ ನಿಂತಿತು. “ಸುಮ್ನಿರ್ರಿ, ಸುಮ್ನಿರ್ರಿ” ಎಂದ ಬಸಣ್ಣ. ಸೀನಿತು. ಹೊಟ್ಟಿನ ಕಡೆ ನೋಡಲಿಲ್ಲ, ಬೂದಿಯಿಂದ ದೂರ ಹಾಯ್ದು ಹೋಯಿತು. ನಾಲ್ಕೂ ಬುಟ್ಟಿ ದಾಟಿ, ಪರಸಿ ಕಿತ್ತ ಜಾಗದಲ್ಲಿ ಕಂಡ ಕರಿಮಣ್ಣಿನ ಅಂಚಿನಲ್ಲಿ ನಿಂತು ಮುಂಗಾಲು ಇಟ್ಟಿತು. ತೆಗೆಯಿತು. ಮತ್ತೆ ಇಟ್ಟಿತು. ಆಮೇಲೆ ಅಷ್ಟು ಜನ ಗಂಡಸರ ಎದುರಿಗೆ, ಯಾವ ಅವಸರವೂ ಇಲ್ಲದೆ, ಕೆದರಿ, ಕೆಲಸ ಮುಗಿಸಿ, ಮುಚ್ಚಿ, ಮೂಸಿ ನೋಡಿ, ಮಹಾದೇವಿಯ ಕಡೆ ನಡೆದು ಬಂತು.

ಇಮಾಮ್ ಸಾಹೇಬರು ಕುರ್ಚಿಯಿಂದ ಎದ್ದರು. ಈಗ ಬೆಕ್ಕನ್ನು ಕಳಿಸಿ ಅನ್ನುತ್ತಾರೆಂದುಕೊಂಡೆ.

“ಸೇಡಂ ಫೇಲ್!” ಎಂದು ಕೂಗಿದರು. “ಚಿಂಚೋಳಿ ಫೇಲ್! ಶಹಾಬಾದ ಪಾಸ್! ನನ್ನ ಜಾಗಾನೇ ಬೇಗಮ್ ಸಾಬಾಗ ಪಸಂದ್ ಬಂತು, ನೋಡ್ರಿ ಬಾಬು!”

ಬಂದೋಬಸ್ತ್ ಆಯಿತು. ಕಿತ್ತ ಪರಸಿಯನ್ನು ಅವರು ಮತ್ತೆ ಹಾಸಲಿಲ್ಲ. ಮಳೆಗಾಲಕ್ಕೆಂದು ಆ ಮಣ್ಣಿನ ಮೇಲೆ ಓರೆಯಾಗಿ ನಿಲ್ಲಿಸಿದರು. ಬೆಕ್ಕಿನ ಪಾಯಖಾನೆಗೂ ಕಲ್ಲಿನ ಛಾವಣಿಯೇ ಆಯಿತು. ಮದುವೆಗೆ ಬಂದ ಬೀಗರಿಗೆ ಅದನ್ನೂ ತೋರಿಸಿದರಂತೆ.

ಇದಾಗಿ ವರ್ಷಗಳೇ ಕಳೆದವು. ಬೆಕ್ಕು ಸಾಕುವವರು ಯಾರೇ ಕೇಳಲಿ, ನಾನು ನಾಲ್ಕು ಬುಟ್ಟಿಗಳ ಪ್ರಯೋಗ ವಿವರಿಸಿ, ಮಣ್ಣೇ ಸರಿ ಎಂದು ಖಚಿತವಾಗಿ ಹೇಳುತ್ತಾ ಬಂದಿದ್ದೇನೆ. ಮೊನ್ನೆ ಹೀಗೆಯೇ ಒಬ್ಬರಿಗೆ ಹೇಳುತ್ತಿದ್ದಾಗ ಮಹಾದೇವಿ ಒಳಗಿನಿಂದ ನಕ್ಕಳು. ಆ ಪರಸಿಯನ್ನು ಕೀಳಿಸಿದ್ದು ವಾಸನೆ ನೋಡಲಿಕ್ಕಲ್ಲವಂತೆ. ಅವಳು ಸಾಹೇಬರ ಹೆಂಡತಿ ಚಾಚಿಗೆ ಹೇಳಿ, ಚಾಚಿ ಸಾಹೇಬರಿಗೆ ಹೇಳಿ, ಶನಿವಾರವೇ ತೆಗೆಸಿದ್ದಂತೆ. ಬುಟ್ಟಿಗಳನ್ನು ಯಾರೂ ಬೇಡವೆನ್ನಲಿಲ್ಲ, ಏಕೆಂದರೆ ನಾನು ಬಹಳ ಹುರುಪಿನಲ್ಲಿದ್ದೆನಂತೆ. ಮಳೆಗಾಲದಲ್ಲಿ ಕರಿಮಣ್ಣು ಕಾಲಿಗೆ ಹತ್ತತೊಡಗಿದಾಗ ಅವಳೇ ಸೇಡಂ ಉಸುಕನ್ನು ಬೆರೆಸಿದಳಂತೆ. ಹಾಗಾದರೆ ಗೆದ್ದದ್ದು ಯಾವುದು? ನಾನು ಇಷ್ಟು ವರ್ಷ ಜನರಿಗೆ ಹೇಳಿದ್ದೇನು?

“ಹೋಗ್ಲಿ ಬಿಡ್ರಿ” ಎಂದಳು. “ಕಾಶವ್ವಂದು ದಿನಾ ಯಾರು ತೆಗೀತಿದ್ರು, ಅದಾದ್ರೂ ನೆನಪದ ಏನು?”

ನೆನಪಿದೆ. ನಾನೇ. ಬೆಳಗಿನ ಹೊತ್ತು, ಕೈಯಲ್ಲಿ ಕಳೆ ಕೀಳುವ ಖುರ್ಪಿ ಹಿಡಿದು, ಮೊಣಕಾಲ ಮೇಲೆ ಧೋತರ ಎತ್ತಿಕೊಂಡು, ಆ ಕಲ್ಲಿನ ಛಾವಣಿಯ ಮುಂದೆ ಕುಕ್ಕರಗಾಲಲ್ಲಿ ಕೂತಿರುವ ನನ್ನನ್ನು ಸ್ಪಷ್ಟವಾಗಿ ಕಾಣುತ್ತಿದ್ದೇನೆ. ನನ್ನ ಮುಖ, ಕನ್ನಡಕ, ಹಣೆಯ ಬೆವರು, ಎಲ್ಲವೂ. ಹಾಗೆಂದು ಅವಳಿಗೆ ಹೇಳಲು ಬಾಯಿ ತೆರೆದವನಿಗೆ ಒಂದು ಅನುಮಾನ ಬಂತು. ನನ್ನ ಮುಖವನ್ನು ನಾನೇ ಎದುರಿನಿಂದ ನೋಡಿದ್ದು ಹೇಗೆ? ಆ ಎದುರಿನ ಜಾಗದಲ್ಲಿ ಕೂತು ನೋಡುತ್ತಿದ್ದದ್ದು ಕಾಶವ್ವ ಮಾತ್ರ.