ಮಲಕಾಜಪ್ಪನ ಅರ್ಧಕ್ಕಿಳಿಸುವ ಯಂತ್ರ

ಸಂಕ್ರಾಂತಿ ಕಳೆದ ಮೂರನೆಯ ದಿನ ಬೆಳಿಗ್ಗೆ ಕೃಷ್ಣೆಯ ಕಡೆಯಿಂದ ಎದ್ದ ಮಂಜು ರಬಕವಿಯನ್ನು ಎಂಥ ಪರಿ ಮುಚ್ಚಿತ್ತೆಂದರೆ, ಓಣಿಯಲ್ಲಿ ಕಟ್ಟಿದ ಎಮ್ಮೆಯ ಬಾಲ ಕಾಣುತ್ತಿತ್ತು, ಎಮ್ಮೆ ಕಾಣುತ್ತಿರಲಿಲ್ಲ! ಮುಖ ಮರೆಸಿಕೊಳ್ಳುವವರಿಗೆ ಇಂಥ ಮಂಜು ದೇವರು ಕೊಟ್ಟ ಕಂಬಳಿ. ಮಗ್ಗದ ಮಿಸ್ತ್ರಿ ಮಲಕಾಜಪ್ಪನಿಗೆ ಅದು ವಾರದಿಂದ ಬೇಕಾಗಿತ್ತು. ಮಲ್ಲಿಕಾರ್ಜುನನ ಗುಡಿ ಅವನ ಮನೆಯಿಂದ ನೂರು ಹೆಜ್ಜೆ; ನಡುವೆ ದಸ್ತಗೀರನ ಮನೆ ಇದೆಯೆಂದು ಊರು ಬಳಸಿ ಹೋಗುತ್ತಿದ್ದ. ಶಿವ ಎಲ್ಲೆಡೆ ಇದ್ದಾನೆ, ನಿಜ. ದಸ್ತಗೀರ ಮಾತ್ರ ಆ ಓಣಿಯಲ್ಲೇ ಇದ್ದ.

ನಡೆದದ್ದಿಷ್ಟು. ದಸ್ತಗೀರ ತಾನೇ ಜೋಡಿಸಿದ ಡ್ರೋನ್ ಹಾರಿಸಿ ಮದುವೆಗಳ ಚಿತ್ರ ತೆಗೆಯುವವನು. ತನ್ನ ಆಟದ ವಿಮಾನಕ್ಕೆಂದು ಮಲಕಾಜಪ್ಪ ಅವನಿಂದ ಎರಡು ಲಿಥಿಯಂ ಬ್ಯಾಟರಿ ಎರವಲು ತಂದಿದ್ದ. ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ಹಿರಿಯರ ಮಾತು. ಮೊಸರಿನ ಗಡಿಗೆಗೆ ಸಲ್ಲುವುದು ಬ್ಯಾಟರಿಗೂ ಸಲ್ಲಬೇಕಲ್ಲ! ಕಂಠಮಟ್ಟ ಚಾರ್ಜು ತುಂಬಿಸಿ ಕೊಟ್ಟು ಬಂದ. ಆದರೆ ಆ ಜಾತಿಯ ಬ್ಯಾಟರಿಯನ್ನು ಸುಮ್ಮನೆ ಇಡುವಾಗ ಅರ್ಧ ಮಾತ್ರ ತುಂಬಿರಬೇಕು. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಮೂರು ವಾರ ಕಪಾಟಿನಲ್ಲಿ ಕುಳಿತ ಅವೆರಡೂ ಪೂರಿಯಂತೆ ಉಬ್ಬಿದವು! ಅಂಗಡಿಯವನು ಕೆಟ್ಟ ಮಾಲು ಕೊಟ್ಟನೆಂದು ದಸ್ತಗೀರ ಜಮಖಂಡಿಗೆ ಹೋಗಿ, ಗಿರಾಕಿಗಳೆದುರು ಆ ಮುದುಕನನ್ನು ಬೈದು, ಹೊಸ ಎರಡನ್ನು ಕಿತ್ತುಕೊಂಡು ಬಂದ. ಮಲಕಾಜಪ್ಪನಿಗೆ ನಿಜ ಗೊತ್ತಿತ್ತು. ಬಾಯಿ ಬಿಡಲಿಲ್ಲ. ನಿಜ ಹೇಳುವುದಕ್ಕಿಂತ ಯಂತ್ರ ಮಾಡುವುದು ಅವನಿಗೆ ಸುಲಭ. ಹೊಸವನ್ನಾದರೂ ಕಾಯೋಣವೆಂದು, ತುಂಬಿದ ಚಾರ್ಜನ್ನು ಅರ್ಧಕ್ಕಿಳಿಸುವ ಡಿಸ್ಚಾರ್ಜರ್ ಕಟ್ಟಿ, ಆ ಮಂಜಿನ ಬೆಳಿಗ್ಗೆ ದಸ್ತಗೀರನನ್ನು ಹೊಸ ಬ್ಯಾಟರಿಗಳ ಸಮೇತ ಕರೆಸಿದ.

"ಇದೇನ್ ಕಾಕಾ, ಹಂಚಿನ ಮ್ಯಾಲ ಬಲ್ಬ್ ಕೂಡ್ಸೀರಿ? ರೊಟ್ಟಿಗೆ ಬೆಳಕು ತೋರ್ಸಾಕೇನು?"

"ಬಲ್ಬು ಚಾರ್ಜ್ ಕುಡಿತಾವು, ಹಂಚು ಕಾವು ಕುಡಿತೈತಿ. ವೈರ್ ಸೈತ ಬ್ಯಾಡ, ಹತ್ರ ಇಟ್ರ ಸಾಕು!"

"ಅದು ನನ್ನ ಹಂಚು ತಮ್ಮಾ!" ಎಂದು ಒಳಗಿನಿಂದ ಹೆಂಡತಿ ಗುರಸಿದ್ದವ್ವ ಕೂಗಿದಳು. "ಮೂರು ದಿನಾ ಆತು, ಈ ಮನ್ಯಾಗ ಬರೇ ಅನ್ನಾ!"

ಬಲ್ಬುಗಳು ಝಗ್ಗನೆ ಹೊತ್ತಿದವು. ಬ್ಯಾಟರಿಗಳು ಸರಿಯಾಗಿ ಅರ್ಧಕ್ಕೆ ಇಳಿದೊಡನೆ ಆರಿದವು.

"ಭಲೇ ಕಾಕಾ! ಆ ಅಂಗಡಿ ಕಳ್ಳ ಎಲ್ಲಿ, ನೀವೆಲ್ಲಿ!"

ಮಲಕಾಜಪ್ಪ ನೆಲ ನೋಡಿದ. ಬಲ್ಬು ಮತ್ತೆ ಹೊತ್ತಿತು.

"ಅಯ್ಯ! ನನ್ನ ಫೋನು ನೂರರಿಂದ ಐವತ್ತಕ್ಕ ಬಂತು!" ಎಂದ ದಸ್ತಗೀರ. ಮರುಕ್ಷಣ ಕೈಯಲ್ಲಿದ್ದ ತುಂಬಿದ ಚಹಾ ಅರ್ಧವಾಯಿತು. "ಕಾಕಾ, ನಾ ಇನ್ನೂ ಕುಡದೇ ಇಲ್ಲ!"

ಆಗ ಮಲಕಾಜಪ್ಪನಿಗೆ ಹೊಳೆಯಿತು. ಯಂತ್ರದ ಮಿದುಳಿಗೆ ‘ತುಂಬಿದ್ದನ್ನು ಅರ್ಧಕ್ಕಿಳಿಸು’ ಎಂದು ಕಲಿಸಿದ್ದ. ಬ್ಯಾಟರಿಯನ್ನು ಮಾತ್ರ ಎಂದು ಹೇಳಿರಲಿಲ್ಲ!

ಕೊಡದ ನೀರು ಅರ್ಧ. ಜೋಳದ ಚೀಲ ಅರ್ಧ. ಹೊರಗೆ ಮಂಜು ಅರ್ಧವಾಗಿ, ಎಮ್ಮೆ ನಡುವಿನವರೆಗೆ ಕಂಡಿತು.

"ನಿಮ್ಮ ಯಂತ್ರಕ್ಕಿಷ್ಟು ಬೆಂಕಿ ಹಚ್ಚ..." ಎಂದು ಓಡಿಬಂದ ಗುರಸಿದ್ದವ್ವ ಬಾಯಿ ತೆರೆದೇ ನಿಂತಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಬೈಗುಳ ಅರ್ಧಕ್ಕೆ ನಿಂತದ್ದು ಅದೇ ಮೊದಲು! ಮಲಕಾಜಪ್ಪ ನಿಜಕ್ಕೂ ಹೆದರಿದ. ಯಂತ್ರದ ಕರೆಂಟಿನ ವೈರು ಕಿತ್ತ. ಅದು ನಿಂತಿತು, ಅರ್ಧ.

ಉಳಿದರ್ಧ ಕೋಣೆಯಲ್ಲೆಲ್ಲ ಹುಡುಕಿ, ಎಲ್ಲಕ್ಕಿಂತ ಹೆಚ್ಚು ತುಂಬಿದ್ದನ್ನು ಕಂಡುಕೊಂಡಿತು. ಬಲ್ಬುಗಳು ಮಧ್ಯಾಹ್ನದ ಸೂರ್ಯನಂತೆ ಉರಿದವು. ಹಂಚು ಕೆಂಪಾಯಿತು.

"ಕಾಕಾ, ಈಗ ಯಾವುದರ ಚಾರ್ಜ್ ಎಳ್ಯಾಕತ್ತೈತಿ?"

ಮಲಕಾಜಪ್ಪನಿಗೆ ತಿಳಿಯಿತು. ವಾರದಿಂದ ಎದೆಯಲ್ಲಿ ಒತ್ತಿ ತುಂಬಿಟ್ಟ ನಾಚಿಕೆ, ತೂಬು ತೆಗೆದ ಕೆರೆಯಂತೆ ಹರಿದು ಹೋಗುತ್ತಿತ್ತು. ಅರ್ಧಕ್ಕೆ ಬಂದದ್ದೇ ತಡ, ಬಲ್ಬುಗಳು ನಾಲ್ಕೂ ಪಟಪಟನೆ ಒಡೆದವು. ಗಂಟಲಲ್ಲಿ ಮಾತಿಗೆ ಜಾಗ ಆಯಿತು.

"ದಸ್ತಗೀರ, ಅಂಗಡಿಯಾಂವ ಕಳ್ಳ ಅಲ್ಲೋ. ನಿನ್ನ ಬ್ಯಾಟರಿ ಪೂರ್ತಿ ತುಂಬಿ ಕೊಟ್ಟು ಕೆಡಿಸಿದಾಂವ ನಾನು. ಗೊತ್ತಿದ್ದೂ ಸುಮ್ನಿದ್ದೆ."

ದಸ್ತಗೀರನ ಮುಖ ಕೆಂಪೇರಿತು. "ಆ ಮುದುಕಗ ನಾ ಏನೇನ್ ಅಂದೀನಿ ಗೊತ್ತೈತೇನ್ರಿ? ನಮ್ಮಜ್ಜನ ವಯಸ್ಸಿನಾಂವ! ಕೈ ಮುಗದು ನಿಂತಿದ್ದ ಪಾಪ!"

"ನಡಿ, ಹೋಗೂಣು. ನಾನ ಹೇಳ್ತೀನಿ." ಮಲಕಾಜಪ್ಪ ಎದೆ ಸವರಿಕೊಂಡ. "ಇನ್ನೂ ಅರ್ಧ ನಾಚಿಕಿ ಉಳದೈತಿ."

"ಇರ್ಲಿ ಬಿಡ್ರಿ," ಎಂದಳು ಗುರಸಿದ್ದವ್ವ. ದನಿ ಮರಳಿತ್ತು. "ಪೂರ್ತಿ ಬತ್ತಿದ್ರ ನಾಳೆ ಮತ್ತ ಯಾರದರ ಎರವಲ ತರ್ತಿದ್ರಿ."

ಜಮಖಂಡಿಯ ಅಂಗಡಿಯಲ್ಲಿ ಆಗ ಒಬ್ಬನೇ ಗಿರಾಕಿ ಇದ್ದ. ಅಷ್ಟರಲ್ಲೇ ಹೇಳಿ ಮುಗಿಸಬಹುದಿತ್ತು. ಮಲಕಾಜಪ್ಪ ಮೆಟ್ಟಿಲ ಮೇಲೆ ಕುಳಿತು, ಅಂಗಡಿ ತುಂಬುವವರೆಗೆ ಕಾದ. ಆಮೇಲೆ ಎದ್ದು, ಎಲ್ಲರಿಗೂ ಕೇಳುವಂತೆ ತನ್ನ ತಪ್ಪು ಹೇಳಿದ. ದಸ್ತಗೀರ ಮುದುಕನ ಕಾಲು ಮುಟ್ಟಿದ. ದಸ್ತಗೀರ ಅಂದು ಕಿತ್ತು ತಂದಿದ್ದ ಹೊಸ ಬ್ಯಾಟರಿ ಎರಡನ್ನೂ ಅವನ ಚೀಲದಿಂದ ತೆಗೆದು, ಮಲಕಾಜಪ್ಪ ಮೆಲ್ಲನೆ ಮುದುಕನ ಕೈಗಿಟ್ಟ.