ಕಡೆಯ ಹೆಬ್ಬೆಟ್ಟು

ನಿಧಾನ ಎಂಬುದು ಒಂದು ಸ್ವಭಾವ ಎಂದು ನಾನು, ಅದೊಂದು ರೋಗ ಎಂದು ನನ್ನ ಹೆಂಡತಿ, ಮದುವೆಯಾದಾಗಿನಿಂದ ವಾದಿಸುತ್ತ ಬಂದಿದ್ದೇವೆ. ವಾದದಲ್ಲಿ ಗೆಲ್ಲುವವಳು ಆಕೆಯೇ. ನಾನು ಉತ್ತರ ಹೊಂದಿಸಿಕೊಳ್ಳುವಷ್ಟರಲ್ಲಿ ಆಕೆ ಅಡುಗೆಮನೆಗೆ ಹೋಗಿಬಿಟ್ಟಿರುತ್ತಾಳೆ. ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ಆಕೆ ಸಾಮಾನು ಸಮೇತ ರೈಲು ಹತ್ತಿ ಕುಳಿತಳು. ಇದು ನಮ್ಮ ರೈಲೇ ಹೌದೋ ಅಲ್ಲವೋ ಎಂದು ನಾನು ಹಲಗೆಯ ಮೇಲಿನ ಹೆಸರು, ಟಿಕೆಟ್ಟಿನ ಮೇಲಿನ ಹೆಸರು, ಡಬ್ಬಿಯ ಮೇಲಿನ ಹೆಸರು ಮೂರನ್ನೂ ತಾಳೆ ನೋಡಿದೆ. ಮೂರೂ ಸರಿಯಾಗಿದ್ದವು. ಅದು ಖಚಿತವಾದಾಗ ರೈಲು ಪ್ಲಾಟ್‌ಫಾರ್ಮ್ ದಾಟುತ್ತಿತ್ತು. ಆಕೆ ಶಹಾಬಾದಿನಲ್ಲಿ ಇಳಿದು ನನಗಾಗಿ ಕಾದಳು. ನಾನು ಮುಂದಿನ ಗಾಡಿಗೆ ಹೋಗಿ ಇಳಿದಾಗ ಒಂದೇ ಮಾತು ಹೇಳಿದಳು: "ಖಾತ್ರಿ ಆಯ್ತೇನ್ರಿ?"

ಇಂಥ ನನ್ನನ್ನು ಸೇಡಂನ ಒಂದು ಬೇಳೆ ಮಿಲ್ಲಿನಲ್ಲಿ ಇಷ್ಟು ವರ್ಷ ಇಟ್ಟುಕೊಂಡಿರುವುದು ನಮ್ಮ ಸಾವ್ಕಾರರ ದೊಡ್ಡತನ. ಬಾಗಿಲ ಮೇಲೆ ಮ್ಯಾನೇಜರ್ ಎಂದು ಬರೆಸಿದ್ದಾರೆ. ಕರೆಯುವುದು ಮಾತ್ರ ಎಲ್ಲರೂ, ಲೆಕ್ಕ ಬರೆಯುವವನನ್ನು ಕರೆಯುವ ಹಾಗೆ, ಮುನೀಮ್ರು ಎಂದೇ. ಸಾವ್ಕಾರರು ಹೋದ ತಿಂಗಳು ಚಿತ್ತಾಪುರದ ಬೀಗರ ಮಿಲ್ಲಿಗೆ ಹೋಗಿದ್ದರು. ಅಲ್ಲಿ ಗೋಡೆಗೊಂದು ಹೆಬ್ಬೆಟ್ಟಿನ ಯಂತ್ರ, ಅದಕ್ಕೊಂದು ಸಾಫ್ಟ್‌ವೇರ್. ಯಾರು ಬಂದರು, ಯಾರು ಹೋದರು, ಯಾರು ಎಷ್ಟು ಹೊತ್ತು ಉಂಡರು ಎಂಬುದೆಲ್ಲ ಬೀಗರ ಮೊಬೈಲಿನಲ್ಲಿ. ಬೀಗರು ಚಹಾ ಕುಡಿಯುತ್ತ ಅದನ್ನು ಬೇಕೆಂದೇ ತೋರಿಸಿದರಂತೆ. ಮೂರನೆಯ ದಿನಕ್ಕೆ ನಮ್ಮ ಗೋಡೆಯ ಮೇಲೂ ಯಂತ್ರ ಬಂತು. "ಮುನೀಮ್ರೀ, ನೇಮ ಎಲ್ಲಾ ನೀವೇ ಕುಂತು ಹಾಕ್ರಿ. ಬೀಗರಲ್ಲಿ ಹ್ಯಾಂಗ ಅದ ಹಾಂಗೇ ಇರ್ಲಿ. ಮತ್ತ ಜಲ್ದಿ ಹಾಕ್ರಿ," ಎಂದರು. ಕೊನೆಯ ಮಾತನ್ನು ಅವರು ಅಭ್ಯಾಸಬಲದಿಂದ ಹೇಳಿದ್ದು.

ನಾನು ಕುಳಿತೆ. ಒಂದೊಂದು ಪುಟವನ್ನೂ ಓದಿ, ಓದಿದ್ದು ತಿಳಿಯಿತೇ ಎಂದು ಇನ್ನೊಮ್ಮೆ ಓದಿ, ಮುಂದೆ ಹೋದೆ. ದಿನಕ್ಕೆ ಎಂಟು ತಾಸಿನ ಮೇಲೆ ಯಾರೂ ದುಡಿಯಬಾರದು ಎಂಬ ಮಿತಿಯನ್ನು ಮೊದಲು ಹಾಕಿದೆ. ಒಳ್ಳೆಯ ನೇಮ. ಅದನ್ನು ಎಲ್ಲರಿಗೂ ಅನ್ವಯಿಸಬೇಕೇ ಎಂದು ಸಾಫ್ಟ್‌ವೇರ್ ಕೇಳಿತು. ನ್ಯಾಯ ಎಂದ ಮೇಲೆ ಎಲ್ಲರಿಗೂ ಒಂದೇ ಎಂದು ಹೌದು ಒತ್ತಿದೆ. ಊಟದ ಬಿಡುವಿನ ಪುಟಕ್ಕೆ ಬರುವಷ್ಟರಲ್ಲಿ ನನ್ನ ಎಂಟು ತಾಸು ಮುಗಿದಿತ್ತು. 'ಇಂದಿನ ನಿಮ್ಮ ಕೆಲಸ ಮುಗಿದಿದೆ, ಧನ್ಯವಾದಗಳು' ಎಂದು ಬರೆದು ಅದು ಬಾಗಿಲು ಮುಚ್ಚಿಕೊಂಡಿತು. ಹಗಲು ಬೆಳಕಿನಲ್ಲಿ ಮನೆಗೆ ಬಂದ ನನ್ನನ್ನು ನೋಡಿ ಹೆಂಡತಿ ಗಾಬರಿಯಾದಳು. "ಯಾಕ್ರೀ, ಮೈಯಾಗ ಹುಷಾರಿಲ್ಲೇನು?" ಎಂದು ಹಣೆ ಮುಟ್ಟಿ ನೋಡಿದಳು.

ಮರುದಿನ ಬಿಡುವಿನ ನೇಮವೂ ಆಯಿತು. ಬೀಗರಲ್ಲಿದ್ದಂತೆಯೇ ಊಟಕ್ಕೆ ಇಪ್ಪತ್ತು ನಿಮಿಷ. ಅವರವರು ಹೆಬ್ಬೆಟ್ಟು ಒತ್ತಿದಾಗಿನಿಂದ ಅವರವರ ಲೆಕ್ಕ. ತಡವಾದರೆ ಹೆಸರಿನ ಮುಂದೆ ಕೆಂಪು. ಎರಡು ಸಲ ಕೆಂಪಾದರೆ ಮರುದಿನದ ಕೆಲಸಕ್ಕೆ ಹೆಸರೇ ಬರುವುದಿಲ್ಲ. ಎಲ್ಲವನ್ನೂ ತಾಳೆ ನೋಡಿದೆ. ಎಲ್ಲವೂ ಸರಿಯಾಗಿತ್ತು. ವಾಡಿಯಲ್ಲೂ ಎಲ್ಲವೂ ಸರಿಯಾಗಿಯೇ ಇತ್ತು ಎಂಬುದು ಆಗ ನೆನಪಾಗಲಿಲ್ಲ.

ಮುಂದೆ ನಡೆದದ್ದನ್ನು ನಾನು ಕಂಡಷ್ಟೇ ಹೇಳುತ್ತೇನೆ. ನಮ್ಮಲ್ಲಿ ಬೇಳೆ ಆರಿಸುವ ಹೆಂಗಸರು ಮಧ್ಯಾಹ್ನ ಬೇವಿನ ಮರದ ಕೆಳಗೆ, ಶಹಾಬಾದಿನ ಹಾಸುಗಲ್ಲಿನ ಮೇಲೆ, ದುಂಡಗೆ ಕುಳಿತು ಉಣ್ಣುತ್ತಾರೆ. ಕಡೆಯವಳು ಬಂದು ಕೂಡುವತನಕ ಒಬ್ಬರೂ ಬುತ್ತಿಯ ಗಂಟು ಬಿಚ್ಚುವುದಿಲ್ಲ. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ, ನಾನು ಬರುವ ಮೊದಲಿನಿಂದಲೂ ಹೀಗೆಯೇ. ಆ ಕಡೆಯವಳು ಯಾವಾಗಲೂ ಮಲ್ಲಮ್ಮ. ಆಕೆಯದು ಕೊನೆಯ ಜರಡಿ. ಮೋಟಾರು ನಿಂತ ಮೇಲೂ ಅದರಿಂದ ಬೇಳೆ ಉದುರುತ್ತಲೇ ಇರುತ್ತದೆ, ಅದು ನಿಲ್ಲುವತನಕ ಚೀಲ ಹಿಡಿದು ನಿಲ್ಲಬೇಕು. ಆಮೇಲೆ ಮೊಣಕಾಲು ನೋವು. ಆಮೇಲೆ ಈ ಯಂತ್ರ. ವರ್ಷಗಟ್ಟಲೆ ಬೇಳೆ ತಿಕ್ಕಿದ ಆಕೆಯ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಸವೆದಿದ್ದವು. ಸೆರಗಿನಿಂದ ಒರೆಸಿ ಒತ್ತಿದಳು, ಊದಿ ಒತ್ತಿದಳು, ತಿರುಗಿಸಿ ಒತ್ತಿದಳು. ಯಂತ್ರಕ್ಕೆ ಗುರುತು ಸಿಕ್ಕು ಆಕೆ ಕುಂಟುತ್ತ ಮರದ ಕೆಳಗೆ ಬಂದು ಕೂತಳೋ ಇಲ್ಲವೋ, ಮೊದಲು ಒತ್ತಿದ್ದ ಚಂದಮ್ಮನ ಇಪ್ಪತ್ತು ನಿಮಿಷ ಮುಗಿಯಿತು. 'ನಿಮ್ಮ ವಿಶ್ರಾಂತಿಯ ಅವಧಿ ಮುಗಿದಿದೆ. ದಯವಿಟ್ಟು ಕೆಲಸಕ್ಕೆ ಮರಳಿ,' ಎಂದು ಯಂತ್ರದೊಳಗಿನ ಹೆಣ್ಣು ಬಲು ಶುದ್ಧವಾದ ಭಾಷೆಯಲ್ಲಿ ಕೂಗಿದಳು. ಒಬ್ಬೊಬ್ಬರದೇ ಹೆಸರು ಕೂಗುತ್ತ ಹೋದಳು. ಹೆಂಗಸರು ಒಬ್ಬೊಬ್ಬರೇ ಎದ್ದರು. ಬುತ್ತಿಗಳು ತಂದ ಹಾಗೆಯೇ ಒಳಗೆ ಹೋದವು. ಒಂದು ಗಂಟೂ ಬಿಚ್ಚಿರಲಿಲ್ಲ. ನಾನು ಕಿಟಕಿಯಲ್ಲಿ ನಿಂತಿದ್ದೆ. ನನ್ನ ಊಟ ಆಗಿತ್ತು.

"ಮುನೀಮ್ರೀ, ಒಳಗ ಕೂಗಾಕಿ ಯಾರ್ರಿ? ಆಕಿ ಊಟ ಆಗ್ಯದೇನು ಕೇಳ್ರಿ," ಎಂದು ಚಂದಮ್ಮ ಬಾಗಿಲಲ್ಲಿ ನಿಂತು ಕೇಳಿದಳು. ಅವಳ ಮಾತು ಯಾವಾಗಲೂ ಹಾಗೆಯೇ, ನಗಿಸುತ್ತಲೇ ಚುಚ್ಚುವುದು. ಸಂಜೆ ಮಲ್ಲಮ್ಮನೂ ಬಂದಳು. ಚುಚ್ಚಲಿಲ್ಲ.

"ನಾಳಿಂದ ನಾ ಬರಲ್ರಿ. ನನ್ನ ಸಲುವಾಗಿ ಇವರೆಲ್ಲಾ ಉಪಾಸ ಕುಂದ್ರತಾರ. ನನಗ ಬಿಟ್ಟು ಉಣ್ರೆ ಅಂದ್ರ ಕೇಳಲ್ರು."

"ನಿನಗ ಬಿಟ್ಟು ಉಂಡ್ರ ರೊಟ್ಟಿ ಗಂಟಲಾಗ ಇಳೀತದೇನ, ಮಲ್ಲಮ್ಮಕ್ಕ?" ಎಂದಳು ಹಿಂದೆಯೇ ಬಂದ ಚಂದಮ್ಮ. "ಮತ್ತ ನಿನ್ನ ಪುಂಡಿಪಲ್ಯ ಇಲ್ಲದ ಖಾಲಿ ರೊಟ್ಟಿ ಯಾರ ತಿಂತಾರ? ಮುನೀಮ್ರು ತಿಂತಾರೇನು?"

ನಾನು ಉತ್ತರ ಹೊಂದಿಸಿಕೊಳ್ಳತೊಡಗಿದೆ. ಕೊನೆಗೆ, "ಮಲ್ಲಮ್ಮ, ನಾಳೆ ಒಂದು ದಿನ ಬರ್ರಿ," ಎಂದಷ್ಟೇ ಅಂದೆ. ಆಕೆ ಆಗಲೇ ಗೇಟಿನ ಹತ್ತಿರ ಇದ್ದಳು. ಮೊಣಕಾಲು ನೋಯುವವಳಿಗೂ ನನ್ನ ಉತ್ತರಕ್ಕಿಂತ ಮುಂದೆ ಹೋಗಲು ಸಾಧ್ಯವಾಯಿತು. ಚಂದಮ್ಮ ತಿರುಗಿ, "ನಾ ಕರ್ಕೊಂಡು ಬರ್ತೀನ್ರಿ," ಎಂದಳು.

ಮರುದಿನ ಬೆಳಿಗ್ಗೆ ನಾನು ಆ ಸಾಫ್ಟ್‌ವೇರಿನ ಮುಂದೆ ಕುಳಿತ ಹಾಗೆ ಪರೀಕ್ಷೆಗೂ ಕುಳಿತಿರಲಿಲ್ಲ. ಅವಸರದವನಾಗಿದ್ದರೆ ಮೊದಲ ಎರಡು ಪುಟ ನೋಡಿ ಏಳುತ್ತಿದ್ದ. ನಾನು ಯಾರೂ ಓದದ ಪುಟಗಳನ್ನು ಓದಿದೆ. ಹಾಗೆ ಓದುತ್ತ ಹೋದಾಗ, ತೀರಾ ಕೆಳಗೆ, ಒಂದು ಸಾಲು ಸಿಕ್ಕಿತು: ಬಿಡುವನ್ನು ತಂಡಕ್ಕೆ ಕೊಡಬಹುದು. ತಂಡದ ಕಡೆಯ ಹೆಬ್ಬೆಟ್ಟು ಬಿದ್ದಾಗ ಎಲ್ಲರ ಇಪ್ಪತ್ತು ನಿಮಿಷವೂ ಒಮ್ಮೆಲೇ ಸುರು, ಮುಗಿಯುವುದೂ ಒಮ್ಮೆಲೇ. ಬೇವಿನ ಮರದ ಕೆಳಗಿನ ನೇಮವನ್ನು ಯಾರೋ ಕಂಪ್ಯೂಟರಿನ ಭಾಷೆಯಲ್ಲಿ ಬರೆದಿಟ್ಟ ಹಾಗಿತ್ತು. ಕೂಡಲೇ ಸಾವ್ಕಾರರಿಗೆ ಫೋನು ಮಾಡಿದೆ. ಎಲ್ಲ ಕೇಳಿದ ಮೇಲೆ ಅವರದು ಒಂದೇ ಪ್ರಶ್ನೆ.

"ಬೀಗರ ಮಿಲ್ಲಿನಾಗ ಹಿಂಗ ಅದ ಏನ್ರಿ?"

"ಇಲ್ರಿ. ಅವರಿಗಿ ಇನ್ನೂ ಗೊತ್ತೇ ಇಲ್ಲ."

"ಹಂಗಾರ ಹಾಕ್ರಿ. ಇವತ್ತೇ ಹಾಕ್ರಿ."

ತಂಡಕ್ಕೊಬ್ಬ ಮುಖ್ಯಸ್ಥ ಬೇಕೆಂದು ಸಾಫ್ಟ್‌ವೇರ್ ಹಟ ಹಿಡಿಯಿತು. ಬೇರೆ ಯಾರನ್ನು ಹುಡುಕಲಿ, ನನ್ನ ಹೆಸರನ್ನೇ ಹಾಕಿ ಉಳಿಸಿದೆ.

ಮಧ್ಯಾಹ್ನ ಸಾಲಾಗಿ ಹೆಬ್ಬೆಟ್ಟು ಬಿದ್ದವು. ಮಲ್ಲಮ್ಮ ಒರೆಸಿ, ಊದಿ, ತಿರುಗಿಸಿ ಒತ್ತಿದಳು. ಯಂತ್ರ ಒಪ್ಪಿತು. ಒಳಗಿನ ಹೆಣ್ಣು ಕೂಗಲಿಲ್ಲ. ನಾನು ಗೆದ್ದೆ ಎಂದುಕೊಂಡು ಕೋಣೆಗೆ ಬಂದು, ದಿನದ ಹಾಗೆ ಬಾಗಿಲು ಮುಂದೆ ಮಾಡಿ, ಕೈ ತೊಳೆದು, ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ. ಬಾಗಿಲು ಬಡಿದ ಸದ್ದಾಯಿತು. ಮಲ್ಲಮ್ಮ.

"ಮುನೀಮ್ರೀ, ಮಷಿನ್‌ದಾಗ ಇನ್ನೂ ಒಬ್ಬರು ಬಾಕಿ ಅಂತ ತೋರ್ಸಲಿಕತ್ತದಂತ. ಚಂದಮ್ಮ ಓದಿ ಹೇಳಿದಳು. ನಾವೆಲ್ಲಾ ಇದ್ದೀವಿ. ನೀವೇ ಬಾಕಿ."

"ನನ್ನದು ಇಲ್ಲೇ ಊಟ ಮಲ್ಲಮ್ಮ. ನೀವು ಉಣ್ಣಿ."

"ಕಡೀ ಮಂದಿ ಬರದ ಹ್ಯಾಂಗ ಬಿಚ್ಚೋದ್ರಿ?"

ಎಲ್ಲರೂ ಯಾರಿಗಾಗಿ ಕಾಯುತ್ತಿದ್ದರೋ ಆ ಮಲ್ಲಮ್ಮ, ನೋಯುವ ಮೊಣಕಾಲಿನಲ್ಲಿ, ನನಗಾಗಿ ಕಾದು ಬಾಗಿಲಲ್ಲಿ ನಿಂತಿದ್ದಳು. ಇಷ್ಟು ವರ್ಷದಲ್ಲಿ ಆ ಮರದ ಕೆಳಗೆ ನಾನು ಒಮ್ಮೆಯೂ ಉಂಡಿರಲಿಲ್ಲ. ಡಬ್ಬಿ ಹಿಡಿದು ಹೋದೆ. ಚಂದಮ್ಮ ಸರಿದು ಜಾಗ ಕೊಟ್ಟಳು. ನಾನು ಕುಳಿತದ್ದೇ ಗಂಟುಗಳು ಬಿಚ್ಚಿದವು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಹೊರಬಂದವು. ಮಲ್ಲಮ್ಮನ ಹುಳಿಸೊಪ್ಪಿನ ಪುಂಡಿಪಲ್ಯ ಸುತ್ತ ಒಂದು ಸಲ ತಿರುಗಿ ನನ್ನ ಡಬ್ಬಿಗೂ ಬಂತು. ನನ್ನ ಹೆಂಡತಿಯ ಬದನೆಕಾಯಿ ಪಲ್ಯ ಹೋದದ್ದು ತಿರುಗಿ ಬರಲೇ ಇಲ್ಲ. ಎರಡನೆಯ ರೊಟ್ಟಿಯ ಹೊತ್ತಿಗೆ ನನಗೆ ನೆನಪಾಯಿತು. ಹೆಬ್ಬೆಟ್ಟು ಒತ್ತಿರಲಿಲ್ಲ. ಗಡಬಡಿಸಿ ಏಳಹೋದೆ.

"ಎಲ್ಲಿಗ್ರಿ?" ಎಂದಳು ಚಂದಮ್ಮ.

"ಹೆಬ್ಬೆಟ್ಟು ಒತ್ತಬೇಕು."

"ಎಂಜಲಗೈಲೇ?"

ನನ್ನ ಬಲಗೈ ನೋಡಿಕೊಂಡೆ. ಯಂತ್ರದಲ್ಲಿ ನೋಂದಾಯಿಸಿದ್ದು ಬಲಗೈ ಹೆಬ್ಬೆಟ್ಟು. ಅದರ ಮೇಲೆ ಉಗುರಿನತನಕ ಪುಂಡಿಪಲ್ಯವಿತ್ತು. ನಡು ಊಟದಲ್ಲಿ ಎದ್ದು ಕೈ ತೊಳೆಯುವುದು ಆ ಸುತ್ತಿನಲ್ಲಿ ಯಾರೂ ಕಂಡು ಕೇಳದ ಸಂಗತಿ. ಊಟ ಮುಗಿಯಬೇಕು, ಕೈ ತೊಳೆಯಬೇಕು, ಒಣಗಬೇಕು, ಆಗ ಒತ್ತಬೇಕು. ಆಗಷ್ಟೇ ಎಲ್ಲರ ಇಪ್ಪತ್ತು ನಿಮಿಷ ಸುರು. ಇದು ನನಗೆ ಅರ್ಥವಾಗುವ ಮೊದಲೇ ಉಳಿದವರಿಗೆಲ್ಲ ಅರ್ಥವಾಗಿತ್ತು. ಅವರು ತಲೆ ಬಗ್ಗಿಸಿ ಉಣ್ಣುತ್ತಿದ್ದರು, ಭುಜಗಳು ಮಾತ್ರ ಅಲುಗುತ್ತಿದ್ದವು.

"ಕುಂದ್ರಿ ಮುನೀಮ್ರೀ," ಎಂದಳು ಮಲ್ಲಮ್ಮ, ಇನ್ನಷ್ಟು ಪಲ್ಯ ಬಡಿಸುತ್ತ. "ಸಾವಕಾಶ ಉಣ್ರಿ. ಅವಸರ ಏನದ?"

ಹುಟ್ಟಿದಾಗಿನಿಂದ ನನಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ನಾನು ಕುಳಿತೆ. ಮಲ್ಲಮ್ಮ ಆವತ್ತಿನಿಂದ ಒಂದು ದಿನವೂ ಕೆಲಸ ತಪ್ಪಿಸಿಲ್ಲ. ಯಾರ ಹೆಸರೂ ಕೆಂಪಾಗಿಲ್ಲ. ಬೀಗರು ಫೋನು ಮಾಡಿ, ತಂಡದ ಬಿಡುವು ಹಾಕುವುದು ಹೇಗೆಂದು ಸಾವ್ಕಾರರನ್ನೇ ಕೇಳಿದರಂತೆ. ಅಂದು ಸಾವ್ಕಾರರು ಮಿಲ್ಲಿಗೆಲ್ಲ ಜಿಲೇಬಿ ತರಿಸಿದರು.

ಆದರೂ ಅವರಿಗೊಂದು ಅನುಮಾನ ಉಳಿದಿತ್ತು. ಮೊನ್ನೆ ಮೊಬೈಲು ಹಿಡಿದುಕೊಂಡು ನನ್ನ ಕೋಣೆಗೆ ಬಂದರು.

"ಮುನೀಮ್ರೀ, ಎಲ್ಲರ ಹೆಬ್ಬೆಟ್ಟು ಬಿದ್ದು ಭಾಳ ಹೊತ್ತಾದ ಮ್ಯಾಲ ನಿಮ್ಮದು ಬೀಳ್ತದಲ್ಲ. ದಿನಾ ಹಿಂಗೇ. ಯಾಕ್ರಿ?"

ಮೊದಲ ಸಲ ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು. "ನಾ ಮೊದಲಿಂದ್ಲೂ ನಿಧಾನ್ರೀ, ಸಾವ್ಕಾರ್ರೇ."

ಅವರು ಮೊಬೈಲು ಜೇಬಿಗೆ ಹಾಕಿದರು. "ಅದು ಖರೇ ಅದ," ಎಂದರು. ಒಂದಿಷ್ಟೂ ಅನುಮಾನಪಡದೆ, ಅರ್ಧ ಗಳಿಗೆಯೂ ಯೋಚಿಸದೆ ನಂಬಿಬಿಟ್ಟರು.