ಹಡಗು ಹತ್ತಿದ ಹುರುಳಿ

ಕಾಳಿನ ವ್ಯಾಪಾರಕ್ಕೆ ಇಳಿದವರಿಗೆ ಕಲ್ಲು, ಕಸ, ಹುಳ ಹೇಗೆ ತಪ್ಪುವುದಿಲ್ಲವೋ ಹಾಗೆ ನಗೆಪಾಟಲೂ ತಪ್ಪುವುದಿಲ್ಲ. ಅದರ ಜೊತೆಗೆ ಸರ್ಕಾರದ ನಿಯಮವೂ ಸೇರಿಬಿಟ್ಟರೆ ನಗುವುದಕ್ಕೆ ಬೇರೆ ಹೊತ್ತು ಗೊತ್ತುಮಾಡಿಕೊಳ್ಳಬೇಕಾಗಿಲ್ಲ.

ನಾನು ಮದ್ದೂರು ಕಡೆಯ ಕೊಪ್ಪದ ಸಂತೆಯಲ್ಲಿ ಗೋಣಿತಾಟು ಹಾಸಿ ಹುರುಳಿ, ಅಲಸಂದೆ ಮಾರುತ್ತಿದ್ದವಳು. ಶಾಲೆ ನನಗೆ ಹೆಚ್ಚು ದಕ್ಕಲಿಲ್ಲ. ಪೊಟ್ಟಣ ಕಟ್ಟುವ ಹಳೇ ಪೇಪರು ಓದಿ ಓದಿಯೇ ಓದು ಕಲಿತೆ. ಹಾಗಾಗಿ ಪ್ರಪಂಚದ ಎಷ್ಟೋ ಸುದ್ದಿ ನನಗೆ ಅರ್ಧ ಮಾತ್ರ ಗೊತ್ತು. ಉಳಿದರ್ಧ ಗಿರಾಕಿಗಳ ಮನೆಗೆ ಹೋಗಿದೆ. ಆದರೆ ಹುರುಳಿಯನ್ನು ಹೊರದೇಶಕ್ಕೆ ಕಳಿಸುವವರು ಪಾಲಿಸಬೇಕಾದ ಶುಚಿತ್ವದ ನಿಯಮಗಳನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಆ ನಿಯಮದ ಪುಸ್ತಕ ಕೇಳಲು ಹೋದಾಗ ಸರ್ಕಾರಿ ಕಚೇರಿಯಲ್ಲಿ ಇಂಗ್ಲಿಷಿನದು ಕೊಟ್ಟರು.

"ಕನ್ನಡದ್ದು ಕೊಡಿ ಸಾರ್."

"ನಾಳೆ ಬಾಮ್ಮ."

"ನಾಳೆ ಬರಬೇಕಾದರೆ ಇವತ್ತು ಹೋಗಬೇಕಲ್ಲ ಸಾರ್. ನಾನು ಹೋಗೋದೇ ಇಲ್ಲ" ಎಂದು ಬೆಂಚಿನ ಮೇಲೆ ಕೂತೆ. ಸಂಜೆ ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ ಕನ್ನಡದ್ದು ಸಿಕ್ಕಿತು.

ಎತ್ತಿಗಿಕ್ಕುವ ಕಾಳು

ಗಲ್ಫಿನಲ್ಲಿ ನಮ್ಮ ಕಡೆಯ ಜನ ಬೇಕಾದಷ್ಟಿದ್ದಾರೆ. ಅಲ್ಲಿಯ ಅಂಗಡಿಯವರೊಬ್ಬರು ನನ್ನ ಹುರುಳಿ ಕೇಳಿದ್ದರು. ಷರತ್ತು ಒಂದೇ: ಕಾಳು ಶುಚಿ ಮಾಡಿ ಚೀಲಕ್ಕೆ ತುಂಬಲು ನಾನು ಹಾಕಿಸಿದ್ದ ಶೆಡ್ಡನ್ನು ಸರ್ಕಾರ ನೋಡಿ ಒಪ್ಪಬೇಕು. ಅಕ್ಕಪಕ್ಕದ ಹಳ್ಳಿಗಳ ಹೆಂಗಸರು ನನ್ನನ್ನು ನಂಬಿ ತಮ್ಮ ಹುರುಳಿ ಬೇರೆ ಯಾರಿಗೂ ಕೊಡದೆ ಇಟ್ಟುಕೊಂಡಿದ್ದರು. ಶೆಡ್ಡು ಒಪ್ಪಿಗೆಯಾಗದೆ ಹೋದರೆ ನಾವೆಲ್ಲ ಮದ್ದೂರಿನ ಮಂಡಿ ಸಾವ್ಕಾರರ ಮುಂದೆ ಹೋಗಿ ನಿಲ್ಲಬೇಕು, ಅವರು ಹೇಳಿದ್ದೇ ಬೆಲೆ.

ಆ ಸಾವ್ಕಾರರಿಗೆ ಸುದ್ದಿ ಮುಟ್ಟಿತ್ತು. ನಾನು ಮಂಡಿಗೆ ಹೋದ ದಿನ ಹತ್ತು ಜನರ ಎದುರಿಗೆ ಕೇಳಿದರು:

"ಏನಕ್ಕಯ್ಯ, ಹುರುಳಿ ಹಡಗು ಹತ್ತಿಸ್ತೀಯಂತೆ? ಎತ್ತಿಗಿಕ್ಕೋ ಕಾಳು ಕಣಮ್ಮಿ ಅದು! ಆ ದೇಸದಾಗೆ ಎತ್ತು ಅವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. "ಎತ್ತು ಇಲ್ಲ ಸಾವ್ಕಾರ್ರೇ. ಹುರುಳಿ ಬಸ್ಸಾರು ಉಣ್ಣೋ ಜನ ಅವ್ರೆ."

"ನಿನ್ನ ಹುರುಳಿ ಹಡಗು ಹತ್ತಿದ್ರೆ ನಾನೇ ಬಂದು ನಿನ್ನ ಶೆಡ್ಡಿನ ಕಸ ಗುಡಿಸ್ತೀನಿ ಕಣಕ್ಕಯ್ಯ!"

"ಬನ್ನಿ. ಪೊರಕೆ ಹೊಸದು ತಂದಿಟ್ಟಿರ್ತೀನಿ" ಎಂದೆ. ಬರುವ ದಾರಿಯಲ್ಲೇ ಪೊರಕೆ ಕೊಂಡೂ ಬಂದೆ.

ಬಸ್ಸು ಹರಿದ ರುಚಿ

ನಮ್ಮ ಕಡೆ ಹುರುಳಿ ಕಿತ್ತವರು ಗಿಡವನ್ನು ಹಾಗೇ ಡಾಂಬರು ರಸ್ತೆಗೆ ಹಾಸುತ್ತಾರೆ. ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರು ಎಲ್ಲ ಅದರ ಮೇಲೆ ಹರಿದು ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಡುತ್ತವೆ. ಆಮೇಲೆ ಗುಡಿಸಿ, ತೂರಿ, ಚೀಲಕ್ಕೆ ತುಂಬುವುದು. ನಿಯಮದಲ್ಲಿ ಇದು ಕೂಡದು ಎಂದಿತ್ತು. ಶುಚಿಯಾದ ಟಾರ್ಪಾಲಿನ ಮೇಲೆಯೇ ಒಣಗಿಸಬೇಕು, ಅದರ ಮೇಲೆಯೇ ಒಕ್ಕಬೇಕು.

ಮಳವಳ್ಳಿ ಕಡೆಯ ಒಬ್ಬ ರೈತರು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹುರುಳಿ ಚೆನ್ನಾಗಿ ಬೆಳೆಯುವವರು, ಬಿಡುವಂತಿರಲಿಲ್ಲ.

"ನಮ್ಮಪ್ಪನ ಕಾಲದಿಂದ ರಸ್ತೇಲೇ ಒಕ್ಕಿರಾದು. ಬಸ್ಸು ಹರಿದ ಹುರುಳಿ ರುಚಿ ಜಾಸ್ತಿ ಕಣವ್ವ!"

ನಾವು ಮಾತಾಡುತ್ತಿದ್ದಾಗಲೇ ಬಂಡೂರು ಕುರಿಗಳ ಹಿಂಡೊಂದು ಅವರು ರಸ್ತೆಗೆ ಹಾಸಿದ್ದ ಹುರುಳಿಯ ಮೇಲೆ ಮೇಯುತ್ತಾ, ಹಿಂದೆ ಹಿಕ್ಕೆ ಉದುರಿಸುತ್ತಾ ಸಾವಕಾಶವಾಗಿ ದಾಟಿಹೋಯಿತು. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. "ತೂರಿದ್ರೆ ಓಯ್ತದೆ ಬುಡು" ಎಂದರು.

ನಾನು ವಾದ ಬಿಟ್ಟೆ. ಅವರ ಮನೆಯಾಕೆಯ ಹತ್ತಿರ ಒಳಗೆ ಹೋಗಿ, "ಅಕ್ಕ, ಇವತ್ತೊಂದು ದಿನ ಹುರುಳಿ ಆರಿಸದೆ ಸಾರು ಮಾಡಿ" ಎಂದೆ. ಆಕೆಗೆ ನಾನು ಮಾತು ಮುಗಿಸುವ ಮೊದಲೇ ಅರ್ಥವಾಯಿತು. ಹುರುಪಿನಿಂದ ಒಲೆ ಹತ್ತಿಸಿದರು.

ಊಟಕ್ಕೆ ಕೂತ ಯಜಮಾನರು ಮುದ್ದೆ ಮುರಿದು, ಸಾರಿನ ಕಾಳನ್ನು ಬಾಯಿಗೆ ಹಾಕಿಕೊಂಡರು. ಕಟಕ್ ಎಂದಿತು. ದವಡೆ ಹಿಡಿದುಕೊಂಡು, "ಲೇ, ಏನೇ ಇದು, ಕಲ್ಲು!" ಎಂದು ಕೂಗಿದರು. ತಟ್ಟೆಯಲ್ಲಿ ಬೆರಳಾಡಿಸಿದರು. ಇನ್ನೊಂದು ಕರೀ ಉಂಡೆ ಸಿಕ್ಕಿತು. ಅದು ಕಲ್ಲಲ್ಲ. ಮೂಸಿ ನೋಡಿ ತಟ್ಟೆ ಸರಿಸಿಬಿಟ್ಟರು.

ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. "ಇಷ್ಟ್ ವರ್ಸ ನಾನು ಕಣ್ಣು ಕಿತ್ಕಂಡು ಆರಿಸಿ ಹಾಕ್ತಿದ್ನಲ್ಲ, ಅದು ನಿಮಗೆ ಬಸ್ಸಿನ ರುಚಿ ಅನ್ನಿಸ್ತಾ?"

ಮಾರನೇ ದಿನ ಆ ಮನೆಯ ಅಂಗಳದಲ್ಲಿ ಹೊಸ ಟಾರ್ಪಾಲು ಹಾಸಿತ್ತು. ಅದನ್ನು ಯಾರಾದರೂ ತುಳಿದರೆ ಮೊದಲು ಕೂಗುತ್ತಿದ್ದವರು ಯಜಮಾನರೇ.

ಚಪ್ಪಲಿಗೆ ಪೂಜೆ

ಶೆಡ್ಡಿನಲ್ಲಿ ಕೆಲಸಕ್ಕೆ ಬರುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯರನ್ನು ನಾವು ದೊಡ್ಡವ್ವ ಎನ್ನುತ್ತೇವೆ. ನಿಯಮ ಓದಿ ಹೇಳಿದೆ: ಬಳೆ, ಉಂಗುರ, ಮುಡಿದ ಹೂವು ಬಿಚ್ಚಿಡಬೇಕು. ಕೂದಲು ಮುಚ್ಚುವ ಟೋಪಿ ಹಾಕಬೇಕು. ಉಗುರು ಕತ್ತರಿಸಿರಬೇಕು. ಗೊಣಗಿದರೂ ಒಪ್ಪಿದರು. ಆದರೆ "ಒಳಗೆ ಬರಿಗಾಲಲ್ಲಿ ಓಡಾಡಕೂಡದು, ಒಳಗಿನದೇ ಬೇರೆ ಚಪ್ಪಲಿ ಮೆಟ್ಟಬೇಕು" ಎಂದದ್ದೇ ತಡ, ಎಲ್ಲರೂ ಎದ್ದು ನಿಂತರು.

"ಕಾಳಿನ ರಾಸಿ ತಾವ ಚಪ್ಲಿ ಮೆಟ್ಕಂಡು ನಿಂತ್ಕಳದಾ? ಲಕ್ಸ್ಮಿ ಅದು ಕಣವ್ವ!" ಎಂದರು ದೊಡ್ಡವ್ವ. "ಕಣಕ್ಕೆ ಕಾಲಿಡವಾಗ ಚಪ್ಲಿ ಬುಟ್ಟು ಓಗೋರು ನಾವು."

ನನಗೂ ಒಳಗೊಳಗೇ ಹಾಗೇ ಅನ್ನಿಸುತ್ತಿತ್ತು. ಆದರೆ ಹಟ ಬಿಡಲಿಲ್ಲ. "ದೊಡ್ಡವ್ವ, ಇವು ಹೊಸ ಚಪ್ಪಲಿ. ಬೀದಿ ನೋಡಿಲ್ಲ, ಕೆಸರು ನೋಡಿಲ್ಲ. ನಮ್ಮ ಕಾಲಿಗಿಂತ ಶುದ್ಧ."

ಅವರು ಯೋಚಿಸಿ, "ಒಂದು ಪೂಜೆ ಮಾಡ್ಬುಟ್ರೆ ದೋಸ ಓಯ್ತದೆ" ಎಂದರು. ಆಗಲಿ ಎಂದೆ. ಶೆಡ್ಡಿನ ಹೊರಗೆ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಕಾಯಿ ಒಡೆದರು. ಆಮೇಲೆ ನಾನೇ ಒಂದೊಂದನ್ನೂ ಸೋಪು ಹಾಕಿ ತೊಳೆದೆ, ಏಕೆಂದರೆ ಕುಂಕುಮದ ಪುಡಿ ಒಳಗೆ ಹೋಗಕೂಡದು.

"ಈಗ ಮೆಟ್ಟಿಕೊಳ್ಳಿ" ಎಂದೆ. ಯಾರೂ ಕಾಲೆತ್ತಲಿಲ್ಲ.

"ಇನ್ನೇನು ದೊಡ್ಡವ್ವ?"

"ಪೂಜೆ ಮಾಡಿದ ಚಪ್ಲೀನ ಮೆಟ್ಟಾದು ಎಂಗವ್ವ?"

ನನಗೆ ತಲೆ ಕೆಟ್ಟಿತು. ಟೋಪಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಎಲ್ಲರ ಮುಂದೆ ಒಳಗೆ ನಡೆದೆ. "ಪಾಪ ಬಂದರೆ ನನ್ನ ತಲೆ ಮೇಲೆ ಬರಲಿ, ಬನ್ನಿ!"

ದೊಡ್ಡವ್ವ ನನ್ನ ಟೋಪಿಯನ್ನು ನೋಡಿ ಉಳಿದವರಿಗೆ ಹೇಳಿದರು: "ನಡೀರೇ. ಪಾಪ ಬಂದ್ರೂ ಆ ಟೋಪಿ ದಾಟಿ ಒಳಕ್ಕಿಳಿಯಕ್ಕಿಲ್ಲ."

ಇಲಿ ಬಾರದ ಬಾಗಿಲು

ತಪಾಸಣೆಗೆ ಬಂದ ಸಾಹೇಬರು ಒಳ್ಳೆಯವರೇ, ಆದರೆ ಕಣ್ಣು ಬಹಳ ಚುರುಕು. ಅವರ ತಲೆಯಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಟೋಪಿ ಕೊಟ್ಟೆ.

"ನನಗೆ ಯಾಕಮ್ಮ? ಉದುರೋಕೆ ಏನಿದೆ?"

"ಹುಬ್ಬಿದೆಯಲ್ಲ ಸಾರ್, ಮೀಸೆ ಇದೆಯಲ್ಲ" ಎಂದು ಬಾಯಿಗೆ ಕಟ್ಟುವ ಬಟ್ಟೆಯನ್ನೂ ಕೊಟ್ಟೆ. ಅವರು ಎರಡನ್ನೂ ಹಾಕಿಕೊಂಡರು. ಆದರೆ ಹಾಗಂತ ನನ್ನನ್ನು ಸುಮ್ಮನೆ ಬಿಡಲಿಲ್ಲ. ಬಾಗಿಲ ಕೆಳಗಿನ ಸಂದಿಗೆ ಪೆನ್ನು ತೂರಿಸಿ ತೋರಿಸಿದರು. "ಇಷ್ಟು ಜಾಗ ಸಾಕು ಇಲಿಮರಿಗೆ. ಇದು ಸರಿಯಾಗೋವರೆಗೂ ಒಪ್ಪಿಗೆ ಇಲ್ಲ." ಅವರು ಹೇಳಿದ್ದು ನ್ಯಾಯವೇ.

ನಮ್ಮ ಜರಡಿ ಮೆಷಿನ್ ಮಾಡಿಕೊಟ್ಟವರು ಮದ್ದೂರಿನ ಮೆಕ್ಯಾನಿಕ್ ಭಾಯ್. ಕರೆಸಿ ತೋರಿಸಿದೆ. ಅವರಿಗೆ ರೋಷ ಬಂತು. "ಇಲಿ ಏನು ಅಕ್ಕ, ಇರುವೇನೂ ಯೋಚನೆ ಮಾಡ್ಬೇಕು, ಅಂಥ ಬಾಗ್ಲು ಮಾಡ್ತೀನಿ ನೋಡಿ" ಎಂದು ಕಬ್ಬಿಣದ ಹೊಸ ಬಾಗಿಲು ಕೂರಿಸಿದರು. ಕೆಳಗೆ ರಬ್ಬರು ಪಟ್ಟಿ. ತಾನಾಗಿಯೇ ಮುಚ್ಚಿಕೊಳ್ಳುವ ಸ್ಪ್ರಿಂಗು.

ಬಾಗಿಲು ಕೂರಿಸಿ ಮುಗಿಸಿದ ದಿನವೇ, ಶುಕ್ರವಾರ ಮಧ್ಯಾಹ್ನ, ಸಾಹೇಬರು ಮತ್ತೆ ಬಂದರು. ಪೆನ್ನು ತೂರಿಸಲು ನೋಡಿದರು, ತೂರಲಿಲ್ಲ. "ಭೇಷ್" ಎಂದು ಒಳಗೆ ಬಂದರು. ಹಿಂದೆ ಬಾಗಿಲು ಧಡಕ್ಕನೆ ಮುಚ್ಚಿಕೊಂಡಿತು. ನೋಡಿಕೊಂಡು ಹೊರಡುವಾಗ ಬಾಗಿಲ ಅಂಚು ಹಿಡಿದು ಎಳೆದರೆ ಬರಲಿಲ್ಲ. ನಾನು ಎಳೆದೆ, ದೊಡ್ಡವ್ವ ಎಳೆದರು, ಎಲ್ಲರೂ ಸೇರಿ ಎಳೆದೆವು. ಭಾಯ್ ಹೊರಗಡೆ ಹಿಡಿ ಇಟ್ಟಿದ್ದರು, ಒಳಗಡೆ ಇಡುವುದನ್ನು ಮರೆತಿದ್ದರು. ಫೋನು ಮಾಡಿದರೆ ಸ್ವಿಚ್ ಆಫ್. ನಮಾಜಿನಲ್ಲಿದ್ದರು.

ಸಾಹೇಬರು ಬೆವರೊರೆಸಿಕೊಂಡು, "ಒಂದು ಲೋಟ ಕಾಫಿ ಇದ್ದರೆ..." ಎಂದರು. ಫ್ಲಾಸ್ಕು ಮೂಲೆಯ ಬಿಡುವಿನ ಕೋಣೆಯಲ್ಲಿತ್ತು. ಆ ಕೋಣೆಯ ಬಾಗಿಲೂ ಹೊರಗಡೆಗೇ.

"ಇದ್ದಿದ್ದರೂ ಕೊಡೋ ಹಾಗಿಲ್ಲ ಸಾರ್. ಒಳಗೆ ತಿನ್ನಕೂಡದು, ಕುಡಿಯಕೂಡದು."

"ಗೊತ್ತಮ್ಮ, ಗೊತ್ತು" ಎಂದರು ಬೇಸರದಿಂದ.

ಬೇರೆ ಕೆಲಸವಿಲ್ಲದೆ ಶೆಡ್ಡನ್ನು ಮತ್ತೊಮ್ಮೆ ಮೂಲೆಮೂಲೆಯಾಗಿ ನೋಡಿದರು. ಬಲ್ಬಿಗೆ ಮುಚ್ಚಳ, ಕಿಟಕಿಗೆ ಜಾಲರಿ, ಗೋಡೆಯಿಂದ ದೂರ ಹಲಗೆಯ ಮೇಲಿಟ್ಟ ಚೀಲ, ತೇವ ಅಳೆಯುವ ಯಂತ್ರ, ಎಲ್ಲ ಸರಿಯಿತ್ತು. ನಮ್ಮ ಹೆಂಗಸರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರು. ಅಷ್ಟರಲ್ಲಿ ನಮಾಜು ಮುಗಿಸಿ ಬಂದ ಭಾಯ್ ಹೊರಗಿನಿಂದ ಬಾಗಿಲು ತೆಗೆದು, ಸಾಹೇಬರನ್ನು ಕಂಡು, "ಹೆಂಗಿದೆ ಸಾರ್ ಬಾಗ್ಲು?" ಎಂದರು.

"ಇಲಿ ಒಳಗೆ ಬರಲ್ಲ, ನಿಜ" ಎಂದರು ಸಾಹೇಬರು. "ಅಧಿಕಾರಿ ಹೊರಗೆ ಹೋಗೋಕೂ ಒಂದು ದಾರಿ ಮಾಡಪ್ಪ. ಆಮೇಲೆ ಒಪ್ಪಿಗೆ ಕೊಡ್ತೀನಿ."

ಆ ದಿನವೇ ಒಳಗಡೆಗೂ ಹಿಡಿ ಕೂತಿತು. ಒಪ್ಪಿಗೆಯೂ ಬಂತು.

ಸಾಂಬ್ರಾಣಿ

ಲ್ಯಾಬಿಗೆ ಹೋದ ಕಾಳೂ ಪಾಸಾಯಿತು. ಕಂಟೇನರ್ ಲಾರಿ ಕೊಪ್ಪಕ್ಕೆ ಬಂದು ನಿಂತಿತು. ಮುಂದೆ ಬೂದುಗುಂಬಳ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟದ್ದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಕಂಟೇನರಿನ ಒಳಗೆ ಯಾವ ವಾಸನೆಯೂ ಇರಕೂಡದು ಎಂಬ ನಿಯಮವಿತ್ತು. ತುಂಬುವ ಮುಂಚೆ ನೋಡಲು ಬಂದ ಅದೇ ಸಾಹೇಬರು ಒಳಗೆ ತಲೆಹಾಕಿದವರು ಹಾಗೇ ಹಿಂದೆ ಸರಿದರು.

"ಏನಮ್ಮ ಇದು, ದೇವಸ್ಥಾನದ ವಾಸನೆ!"

ದೊಡ್ಡವ್ವ ಹೆಮ್ಮೆಯಿಂದ, "ನಾನೇ ಸಾ. ದೂರ ಓಯ್ತದಲ್ಲ ಅಂತ ಒಳಗೆಲ್ಲ ಸಾಂಬ್ರಾಣಿ ಹಾಕ್ದೆ" ಎಂದರು.

ಸಂಜೆಯೊಳಗೆ ಲಾರಿ ಹೊರಡದಿದ್ದರೆ ಹಡಗು ತಪ್ಪುತ್ತದೆ. "ವಾಸನೆ ಹೋಗೋವರೆಗೂ ತುಂಬೋ ಹಾಗಿಲ್ಲ" ಎಂದರು ಸಾಹೇಬರು. ನಾನು ಶೆಡ್ಡಿನ ಹೆಂಗಸರನ್ನೆಲ್ಲ ಕರೆದು ಕೈಗೊಂದು ಮೊರ ಕೊಟ್ಟೆ. ನೆಲ ಒರೆಸಿದೆವು, ಎರಡು ಸಾಲಾಗಿ ನಿಂತು ಬೀಸಿದೆವು. ಭಾರತೀನಗರದ ಬಸ್ಸು ನಿಲ್ಲಿಸಿ ಜನ ಇಣುಕಿದರು. "ಒಳಗೆ ಯಾರಿಗಕ್ಕ ಸೆಕೆ?" ಎಂದು ಕಂಡಕ್ಟರು ಕೇಳಿದ.

ಬಿಸಿಲು ಇಳಿಯುವ ಹೊತ್ತಿಗೆ ಸಾಹೇಬರು ಮತ್ತೆ ಒಳಗೆ ಹೋಗಿ ಮೂಸಿದರು. "ಇನ್ನೂ ಏನೋ ಘಮ್ ಅಂತಿದೆಯಲ್ಲ."

ದೊಡ್ಡವ್ವ ಹತ್ತಿ ಹೋಗಿ, ಮೂಲೆ ಮೂಸಿ, ನೆಲ ಮೂಸಿ, ಕೊನೆಗೆ ಸಾಹೇಬರ ಹತ್ತಿರ ಬಂದು ಮೂಸಿದರು. "ಸಾಂಬ್ರಾಣಿ ಓಯ್ತು ಸಾ. ಇದು ನಿಮ್ಮ ಸೆಂಟು. ನೀವು ವಸಿ ಕೆಳಕ್ಕಿಳೀರಿ."

ಅವರು ಇಳಿದರು, ವಾಸನೆಯೂ ಇಳಿಯಿತು, ಹುರುಳಿ ಏರಿತು.

ಸಾವ್ಕಾರರ ಪೊರಕೆ

ಹಡಗು ಹೊರಟ ಸುದ್ದಿ ನನಗಿಂತ ಮುಂಚೆ ಮಂಡಿಗೆ ಮುಟ್ಟಿತ್ತು. ಸಾವ್ಕಾರರು ಮಾತಿಗೆ ತಪ್ಪುವವರಲ್ಲ. ಬಿಳೀ ಪಂಚೆ ಉಟ್ಟುಕೊಂಡು ಶೆಡ್ಡಿಗೆ ಬಂದೇಬಿಟ್ಟರು. ಅವರ ಹಿಂದೆ ಒಂದು ಟೆಂಪೋ ಕೂಡ ಬಂದು ರಸ್ತೆ ಬದಿ ನಿಂತಿತು.

"ಕೊಡಕ್ಕಯ್ಯ ಪೊರಕೆ. ಆಡಿದ ಮಾತು ಆಡಿದ್ದೇ."

ಅವತ್ತು ದಾರಿಯಲ್ಲಿ ಕೊಂಡು ತಂದಿದ್ದ ಪೊರಕೆಯನ್ನು ತಂದು ಕೈಗೆ ಕೊಟ್ಟೆ. ಆದರೆ ಬಾಗಿಲಲ್ಲಿ ದೊಡ್ಡವ್ವ ಕೂತಿದ್ದರು.

"ಬಾಯಾಗೇನಣ್ಣ?"

"ಎಲಡಿಕೆ."

"ಉಗಿದು ಬಾಯಿ ತೊಳ್ಕಂಡು ಬಾ."

ಉಗಿದು, ಬಾಯಿ ಮುಕ್ಕಳಿಸಿ ಬಂದರು. ದೊಡ್ಡವ್ವ ಟೋಪಿ ಕೊಟ್ಟರು, ಸಾವ್ಕಾರರು ಹಾಕಿಕೊಂಡರು. ಉಗುರು ತೋರಿಸು ಎಂದರು, ಎರಡು ಕೈಯನ್ನೂ ಚಾಚಿ ತೋರಿಸಿದರು.

"ಉಂಗುರ ಬಿಚ್ಚಣ್ಣ."

ಉಂಗುರ ಮದುವೆಯಲ್ಲಿ ಹಾಕಿದ್ದು. ಅಲ್ಲಿಂದ ಈಚೆಗೆ ಬೆರಳು ಬೆಳೆದಿತ್ತು, ಉಂಗುರ ಬೆಳೆದಿರಲಿಲ್ಲ. ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು, ಹೆಂಗಸರೆಲ್ಲ ಸೇರಿ ಎಳೆದರು. ಸಾವ್ಕಾರರು ಪೂರ್ತಿ ಮುಂದಕ್ಕೆ ಬಂದರು, ಉಂಗುರ ಬರಲಿಲ್ಲ. ಮೆಷಿನ್ ನೋಡಲು ಬಂದಿದ್ದ ಭಾಯ್ ಕಟಿಂಗ್ ಪ್ಲೇಯರ್ ಹಿಡಿದುಕೊಂಡು, "ಒಂದ್ ನಿಮಿಷ ಸಾವ್ಕಾರ್ರೇ, ಕಟ್ ಮಾಡ್ಬಿಡ್ತೀನಿ" ಎಂದಾಗ ಅವರು ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

"ಹಂಗಾರೆ ಒಳಕ್ಕೆ ಬುಡಕ್ಕಾಗಕ್ಕಿಲ್ಲ" ಎಂದರು ದೊಡ್ಡವ್ವ, ಪೊರಕೆಯನ್ನು ವಾಪಸು ತೆಗೆದುಕೊಳ್ಳುತ್ತಾ. "ಕಸ ಗುಡ್ಸಕ್ಕೂ ಪಾಸಾಗ್ಲಿಲ್ಲ ಕಣಣ್ಣ ನೀನು."

ಸಾವ್ಕಾರರು ಟೋಪಿ ತೆಗೆದು, ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ನಾನ್ ಬ್ಯಾಡ ಬುಡು ಅಕ್ಕಯ್ಯ. ಟೆಂಪೋ ತುಂಬಾ ಹುರುಳಿ ತಂದಿವ್ನಿ. ಅದನ್ನಾದ್ರೂ ನಿನ್ನ ಹಡಗಿಗೆ ಸೇರಿಸ್ಕೊ."

"ಅದಕ್ಕೇನಂತೆ ಸಾವ್ಕಾರ್ರೇ, ಸೇರಿಸ್ಕೊಳ್ಳೋಣ. ಎಲ್ಲಿ ಒಕ್ಕಿದ್ದು?"

ಅವರು ಟೆಂಪೋ ನೋಡಿದರು, ಮುಗಿಲು ನೋಡಿದರು, ಕೊನೆಗೆ ಎದುರಿಗಿದ್ದ ಡಾಂಬರು ರಸ್ತೆ ನೋಡಿದರು.

ನಾನು ಮದ್ದೂರಿನ ಮಂಡಿಯಲ್ಲಿ ಅಂದು ನಕ್ಕಿದ್ದ ಹಾಗೇ ನಕ್ಕು ಹೇಳಿದೆ:

"ಮನೆಗೆ ತಗೊಂಡು ಹೋಗಿ ಸಾವ್ಕಾರ್ರೇ. ಎತ್ತಿಗಿಕ್ಕಿ."